ಎಂಟು ನಿಮಿಷದ ಹಗಲು

ಇಡೀ ಊರು ನಿನ್ನೆ ಎಂಟು ನಿಮಿಷ ಮೊದಲೇ ಉಪವಾಸ ಬಿಟ್ಟಿತ್ತು. ಅದು ಗೊತ್ತಿದ್ದವನು ಬೂಶ್ತಾ ಒಬ್ಬನೇ. ಗೊತ್ತಿದ್ದೂ ಅವನು ಮಲಗಿದ್ದ, ನಸುಕಿನಲ್ಲೆದ್ದು ಗೋಪುರ ಹತ್ತಿ ಸಹರಿಯ ಊಟ ಮುಗಿಸಿರಿ ಎಂದು ಊರಿಗೆಲ್ಲ ಸೈರನ್ ಕೂಗಿಸಿ ಬಂದಿದ್ದ, ಈಗ ಅಂಗಿ ಎತ್ತಿ ಹಿಡಿದು ಹೆಂಡತಿಯ ಮುಂದೆ ಹೊಟ್ಟೆ ತೋರಿಸಿಕೊಂಡು ಕೂತಿದ್ದ. ಯಾಮ್ನಾ ಕುದಿಸಿ ತೆಗೆದ ಸಿರಿಂಜನ್ನು ಬಿಳಿ ಬಟ್ಟೆಯ ಮೇಲಿಟ್ಟು, ಇನ್ಸುಲಿನ್ ಸೀಸೆಯನ್ನು ಎರಡು ಅಂಗೈಗಳ ನಡುವೆ ಉರುಳಿಸುತ್ತಿದ್ದಳು. ಅವಳು ಹೀಗೆ ಮಂಡಿಯೂರಿ ಹತ್ತಿರ ಕೂತು ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿಯುವ ಈ ಐದು ನಿಮಿಷಕ್ಕಾಗಿ ಅವನು ರಾತ್ರಿಯಿಡೀ ಕಾಯುತ್ತಾನೆ ಎಂಬುದನ್ನು ಇದುವರೆಗೆ ಬಾಯಿ ಬಿಟ್ಟು ಹೇಳಿರಲಿಲ್ಲ. ಕಾಯಿಲೆ ಬರುವ ಮೊದಲು ಇವಳ ಬೆರಳು ಹೇಗಿವೆ ಎಂದು ಕೇಳಿದ್ದರೆ ಅವನಿಗೆ ಉತ್ತರ ಗೊತ್ತಿರುತ್ತಿರಲಿಲ್ಲ. ಹನ್ನೆರಡು ವರ್ಷದ ಸಂಸಾರದಲ್ಲಿ ಒಂಬತ್ತು ವರ್ಷ ಅವರು ಉಪ್ಪು, ಹಿಟ್ಟು, ಮಳೆಗೆ ಸೋರುವ ಮಾಡು ಇಷ್ಟರ ಮೇಲೇ ಮಾತಾಡಿದ್ದರು. ಕೊನೆಯ ಮೂರು ವರ್ಷದಲ್ಲಿ ಸೂಜಿ ಅವರಿಬ್ಬರನ್ನು ಹತ್ತಿರ ಕೂರಿಸಿತ್ತು. ಕಾಯಿಲೆಯಿಂದ ಬಂದ ಸುಖವನ್ನು ಸುಖ ಅನ್ನಬಹುದೋ ಬಾರದೋ ಅವನಿಗೆ ತಿಳಿಯದು. ಅವಳ ತುಟಿ ಉಪವಾಸಕ್ಕೆ ಒಣಗಿತ್ತು. ಒಣಗಿದ ತುಟಿಯಲ್ಲೇ ಅವಳು ಅವನಿಗಾಗಿ ಮೊಟ್ಟೆ ಬೇಯಿಸಿ, ರೊಟ್ಟಿ ಮಡಿಸಿ, ನಾಲ್ಕು ಆಲಿವ್ ಕಾಯಿ ಸೇರಿಸಿ ಗಂಟು ಕಟ್ಟಿ, ಅವನ ಸಲಕರಣೆ ಚೀಲದಲ್ಲಿ ಸ್ಕ್ರೂಡ್ರೈವರಿನ ಕೆಳಗೆ ಅಡಗಿಸಿಡುತ್ತಾಳೆ. ರಂಜಾನ್ ತಿಂಗಳಿಡೀ ಅದೇ ಅವಳ ಮೊದಲ ಕೆಲಸ.

ಆ ಗಂಟಿನ ವಿಷಯ ಮೂರನೆಯವರಿಗೆ ಗೊತ್ತಿರಲಿಲ್ಲ. ಕಾಯಿಲೆಯವನಿಗೆ ಉಪವಾಸ ಬೇಡವೆಂದು ಧರ್ಮವೇ ಹೇಳುತ್ತದೆ, ಫೆಸ್ ನಗರದ ದೊಡ್ಡಾಸ್ಪತ್ರೆಯ ಡಾಕ್ಟರು ಬೈದೇ ಹೇಳಿದ್ದರು. ಆದರೆ ಈ ಊರಿನಲ್ಲಿ ಗಂಡಸು ಹಗಲು ಹೊತ್ತಿನಲ್ಲಿ ಬಾಯಾಡಿಸುವುದನ್ನು ನೋಡಿದವರು ಏನೂ ಅನ್ನದೆ ಮುಖ ಆ ಕಡೆ ತಿರುಗಿಸುತ್ತಾರೆ, ಅದನ್ನು ತಡೆದುಕೊಳ್ಳುವುದು ಕಷ್ಟ. ಮಗಳು ತೂದಾಳಿಗೂ ಹೇಳಿರಲಿಲ್ಲ. ಸಂಜೆ ಸೈರನ್ ಕೂಗಿಸಿ, ಖಾಲಿ ಬೀದಿಯಲ್ಲಿ ಕುಂಟುತ್ತ ಮನೆಗೆ ಬಂದು, ಹರೀರಾ ಸಾರಿನ ಮೊದಲ ಗುಟುಕು ಕುಡಿದು "ಅಬ್ಬಾ" ಎಂದು ಉಸಿರು ಬಿಡುತ್ತಿದ್ದ, ಇಡೀ ದಿನ ಹಸಿದವರ ಹಾಗೆ. ಹಾಗೆ ಅನ್ನು ಎಂದು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಮೊದಲ ವರ್ಷ ಬಾಯಿಂದ ತಾನಾಗಿ ಬಂದಿತ್ತು, ಆಮೇಲೆ ಅಭ್ಯಾಸವಾಯಿತು. ಅವನು ಆಡಿದ ಸುಳ್ಳುಗಳಲ್ಲೆಲ್ಲ ಅತೀ ಚಿಕ್ಕದು ಅದೇ, ನೆನೆದರೆ ಕಿವಿ ಬಿಸಿಯಾಗುವುದೂ ಅದಕ್ಕೇ.

ಹೊರಡುವಾಗ ಯಾಮ್ನಾ ಚೀಲ ಕೊಟ್ಟಳು. ಅವನು ಗಂಟನ್ನು ಹೊರಗೆ ತೆಗೆದು ಒಲೆಯ ಪಕ್ಕ ಇಟ್ಟ. ಯಾಕೆ ಅಂದಳು. ಇವತ್ತು ಬೇಡ ಅಂದ. ಅವಳು ಗಂಟಿನ ಮೇಲೆ ಬಟ್ಟಲು ಮುಚ್ಚಿದಳು.

ಬೀದಿಯಲ್ಲಿ ನಡೆಯುತ್ತ ಅವನು ತನ್ನ ಹಳೆಯ ಲೆಕ್ಕಕ್ಕೆ ತೊಡಗಿದ. ಕಾಯಿಲೆಯಲ್ಲಿ ಒಂದು ಒಳ್ಳೆಯದನ್ನು ಹುಡುಕಿಕೊಂಡರೆ ಆ ದಿನ ಹೇಗೋ ಸಾಗುತ್ತಿತ್ತು, ಹಾಗಾಗಿ ದಿನಕ್ಕೊಂದು ಹುಡುಕುತ್ತಿದ್ದ. ಎಡಗಾಲಿನ ಎರಡು ಬೆರಳು ಹೋದವು, ಆದರೆ ಆ ಬೆರಳುಗಳೇ ಅವನನ್ನು ಪುರಸಭೆಯ ಕಲ್ಲು ಒಡೆಯುವ ತಂಡದಿಂದ ಬಿಡಿಸಿ ಗೋಪುರದ ಕುರ್ಚಿಯಲ್ಲಿ ಕೂರಿಸಿದವು. ಚಹಾಕ್ಕೆ ಸಕ್ಕರೆ ತಪ್ಪಿತು, ಪುದೀನದ ನಿಜವಾದ ರುಚಿ ಆಮೇಲೆ ತಿಳಿಯಿತು. ಜಗಳವಾಡುವವರು ಅವನನ್ನು ಕಂಡರೆ ದನಿ ತಗ್ಗಿಸುತ್ತಾರೆ. ಎಲ್ಲಕ್ಕಿಂತ ದೊಡ್ಡದು ಆ ಮಧ್ಯಾಹ್ನದ ನಾಲ್ಕು ಗಂಟೆ: ಕೆಳಗೆ ಊರು ಹಸಿದು ಸಿಡಿಮಿಡಿಗೊಳ್ಳುತ್ತಿರುವಾಗ, ಮೇಲೆ ಬಾಗಿಲಿಗೆ ಅಗುಳಿ ಹಾಕಿ, ಮೊಟ್ಟೆಯ ಸಿಪ್ಪೆ ಸುಲಿದು, ಜೀರಿಗೆ ಉಪ್ಪು ಸವರಿ, ನಿಧಾನವಾಗಿ ತಿನ್ನುವುದು. ಆರೋಗ್ಯವಾಗಿದ್ದಾಗ ಮೊಟ್ಟೆ ಇಷ್ಟು ರುಚಿಸಿರಲಿಲ್ಲ. ಎಲ್ಲರೂ ತಿನ್ನದೆ ಇರುವಾಗ ತಾನೊಬ್ಬ ತಿನ್ನುವುದರಿಂದಲೇ ಆ ರುಚಿ ಬಂದಿದ್ದು ಎಂದು ಹೊಳೆದ ದಿನ ಅವನಿಗೆ ತನ್ನ ಮೇಲೆ ಹೇಸಿಗೆಯಾಗಿತ್ತು. ಆದರೂ ಮರುದಿನ ಮೊಟ್ಟೆ ಅಷ್ಟೇ ರುಚಿಯಾಗಿತ್ತು. ನಿನ್ನೆಯೂ ತಿಂದಿದ್ದ. ಪೂರ್ತಿ ತಿಂದಿದ್ದ, ರೊಟ್ಟಿಯ ಚೂರು ಕೂಡ ಬಿಡದೆ. ಅದನ್ನು ಅವನು ಬೆಳಗಿನಿಂದ ಮರೆಯಲು ನೋಡುತ್ತಿದ್ದ.

ನಿನ್ನೆ ಇಪ್ಪತ್ತಾರನೆಯ ದಿನ, ತೂದಾಳ ಮೊದಲ ಉಪವಾಸ. ಹತ್ತು ವರ್ಷದ ಹುಡುಗಿ. ಚಿಕ್ಕಮ್ಮನಿಂದ ತಂದ ಹಸಿರು ಕಫ್ತಾನು ಉದ್ದವಾಗಿ ಕಾಲಿಗೆ ತೊಡರುತ್ತಿತ್ತು, ಕೈಗೆ ಮೆಹೆಂದಿ, ಕಣ್ಣಿಗೆ ಕಾಡಿಗೆ. ಚಿಕ್ಕಮ್ಮಂದಿರು ಅವಳನ್ನು ಮದುವಣಗಿತ್ತಿಯಂತೆ ಸಿಂಗರಿಸಿ ತಾರಸಿಯ ಮೇಲೆ ದಿಂಬಿಗೆ ಒರಗಿಸಿ ಕೂರಿಸಿದ್ದರು. ಪಕ್ಕದಲ್ಲಿ ಬೆಳ್ಳಿ ಬಟ್ಟಲಲ್ಲಿ ಹಾಲು, ಖರ್ಜೂರ. ಗೋಪುರದ ಕಿಟಕಿಯಿಂದ ಆ ತಾರಸಿ ಅಂಗೈಯಷ್ಟು ಕಾಣುತ್ತದೆ. ಮೋಡ ಕವಿದಿತ್ತು, ಸೂರ್ಯ ಎಲ್ಲಿದ್ದಾನೆಂದು ಯಾರಿಗೂ ಹೇಳಲಾಗದಂಥ ಬೂದು ಸಂಜೆ. ಗೋಡೆಯ ಮೇಲಿನ ಸೂರ್ಯಾಸ್ತದ ಪಟ್ಟಿಯಲ್ಲಿ ಆರು ಮೂವತ್ತೆರಡು ಎಂದಿತ್ತು. ಗಡಿಯಾರದಲ್ಲಿ ಆರು ಇಪ್ಪತ್ತನಾಲ್ಕು. ಅವನು ಕಿಟಕಿಯ ಹತ್ತಿರ ಹೋದಾಗ ಹಸಿರು ಕಫ್ತಾನು ಮುಂದಕ್ಕೆ ಬಾಗಿತ್ತು, ಅವಳ ತಲೆ ಮೊಣಕಾಲಿಗೆ ತಾಗಿತ್ತು, ಯಾಮ್ನಾ ಬೆನ್ನು ಸವರುತ್ತಿದ್ದಳು. ಆಮೇಲೆ ಸೈರನ್ ಕೂಗುತ್ತಿತ್ತು. ಅವನ ಕೈ ಗುಂಡಿಯ ಮೇಲಿತ್ತು. ಮಸೀದಿಯ ಗುರು ಫಕೀಹ್ ಸಿ ಅಲ್ಲಾಲ್ ಎಂದಿನಂತೆ ಸೈರನ್ನನ್ನೇ ನಂಬಿ ಬಾಂಗ್ ಕೂಗಲು ತೊಡಗಿದರು, ಕೆಳಗಿನ ಮನೆಗಳಲ್ಲೆಲ್ಲ ಬಟ್ಟಲುಗಳು ಮೇಲೆದ್ದವು, ಅಂಗೈಯಷ್ಟು ತಾರಸಿಯಲ್ಲಿ ಅವನ ಮಗಳು ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಹಾಲು ಕುಡಿದಳು. ಬಟ್ಟಲು ಕೆಳಗಿಳಿಯುವವರೆಗೂ ಅವನು ಅದನ್ನೇ ನೋಡಿದ. ಗಡಿಯಾರದ ಕಡೆ ತಿರುಗಿದ್ದು ಆಮೇಲೆ. ಸಕ್ಕರೆ ಇಳಿದುಬಿಟ್ಟಿತ್ತು, ಅದಕ್ಕೇ ಹೀಗಾಯಿತು ಅಂದುಕೊಂಡ. ಸಕ್ಕರೆ ಇಳಿದರೆ ಅವನಿಗೆ ಬೆವರು ಸುರಿಯುತ್ತದೆ, ತುಟಿ ಜುಮ್ಮೆನ್ನುತ್ತದೆ, ಎರಡೂ ಆಗಿರಲಿಲ್ಲ. ಆದರೂ ಜೇಬಿನಿಂದ ಎರಡು ಖರ್ಜೂರ ತೆಗೆದು ಬಾಯಿಗೆ ಹಾಕಿಕೊಂಡ, ಇಳಿದದ್ದು ನಿಜವೇ ಎಂಬಂತೆ.

ಕ್ಷೌರಿಕ ಹಮ್ಮಾದಿಯ ಅಂಗಡಿ ದಾಟುವಾಗ ಕ್ಷೌರಿಕನ ತಂದೆ ಬಾ ಲಹ್ಸೆನ್ ಎಂದಿನಂತೆ ಹೊಸ್ತಿಲ ಮೇಲೆ ಕೂತಿದ್ದ. ಎಂಬತ್ತರ ಮುದುಕ, ಎರಡೂ ಕಣ್ಣಿಲ್ಲ, ಮಡಿಲಲ್ಲಿ ರೇಡಿಯೋ. ರಬಾತಿನ ರೇಡಿಯೋ ಬಾಂಗ್ ಈ ಊರಿನ ಸೈರನ್ನಿಗಿಂತ ಎಂಟು ನಿಮಿಷ ತಡವಾಗಿ ಬರುವುದು ವಾಡಿಕೆ. ರಾಜಧಾನಿ ಪಶ್ಚಿಮಕ್ಕಿದೆ, ಅಲ್ಲಿ ಸೂರ್ಯ ತಡವಾಗಿ ಮುಳುಗುತ್ತಾನೆ, ಇದು ಇಲ್ಲಿ ಮಕ್ಕಳಿಗೂ ಗೊತ್ತು. ಮುದುಕ ದಿನವೂ ಸೈರನ್ನಿಗೆ ಸಾರು ಎತ್ತಿ, ರೇಡಿಯೋ ಕೂಗುವಷ್ಟರಲ್ಲಿ ಒಂದು ಬಟ್ಟಲು ಮುಗಿಸುತ್ತಾನಂತೆ. ನಿನ್ನೆ ಎರಡನೆಯ ಬಟ್ಟಲೂ ಮುಗಿದು, ಬಟ್ಟಲು ತೊಳೆದಿಟ್ಟರೂ ರಬಾತು ಕೂಗಲಿಲ್ಲವಂತೆ. ರೇಡಿಯೋಗೂ ನನ್ನ ಹಾಗೆ ವಯಸ್ಸಾಯಿತು ಎಂದು ಅದರ ಬೆನ್ನು ತಟ್ಟುತ್ತಿದ್ದ.

"ರೇಡಿಯೋ ಸರಿಯಾಗೇ ಇದೆ, ನಿನ್ನ ಹೊಟ್ಟೆಗೇ ಅವಸರ," ಅಂದ ಒಳಗಿನಿಂದ ಹಮ್ಮಾದಿ, ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚುತ್ತ.

"ಅರವತ್ತೆಂಟು ವರ್ಷ ಒಂದೇ ಒಂದು ದಿನ ಬಿಟ್ಟಿಲ್ಲ ಕಣೋ. ನನ್ನ ಹೊಟ್ಟೆಗೆ ಅವಸರ ಅಂತೀಯಾ?" ಎಂದು ಮುದುಕ ನಕ್ಕ. ಆಮೇಲೆ ಬೂಶ್ತಾನ ಕುಂಟು ಹೆಜ್ಜೆ ಗುರುತು ಹಿಡಿದು, "ಯಾರು, ಬೂಶ್ತಾನಾ? ನಿನ್ನ ಗೋಪುರದಲ್ಲಿ ರೇಡಿಯೋ ರಿಪೇರಿ ಮಾಡೋ ಸಾಮಾನು ಏನಾದ್ರೂ ಇದೆಯೇನಪ್ಪ?" ಅಂದ.

ಬೂಶ್ತಾ ನೋಡ್ತೀನಿ ಅಜ್ಜಾ ಎಂದು ಹೇಳಿ ಮುಂದೆ ಹೋದ. ಅವನ ತಪ್ಪು ಈಗ ಏನೂ ಮಾಡದ ರೇಡಿಯೋದ ಹೊಟ್ಟೆ ಸೀಳಿಸುವ ಮಟ್ಟಕ್ಕೆ ಬಂದಿತ್ತು. ಅರವತ್ತೆಂಟು ವರ್ಷದ ಆ ಮುದುಕನ ಒಂದು ದಿನ ಈಗ ಖಾಲಿ, ಅದು ಅವನಿಗೆ ತಿಳಿಯದು; ತಿಳಿಸದಿದ್ದರೆ ಆ ದಿನವನ್ನು ಅವನು ಮತ್ತೆ ತುಂಬುವುದೂ ಇಲ್ಲ. ಹೀಗೆ ಊರಿನ ನಾಲ್ಕು ಸಾವಿರ ಜನರ ಒಂದೊಂದು ದಿನ ತನ್ನ ಕುತ್ತಿಗೆಗೆ ಬಿದ್ದಿದೆ ಅನ್ನಿಸಿ ಅವನಿಗೆ ನಡೆಯಲಾಗಲಿಲ್ಲ. ಬಾವಿಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತ. ಕೂತದ್ದನ್ನು ಕಂಡ ಹೆಂಗಸೊಬ್ಬಳು ಏನಾಯ್ತಪ್ಪ, ಕಾಲು ನೋವಾ ಎಂದು ಕೇಳಿದಳು. ಹೌದಮ್ಮ ಅಂದ.

ಮಸೀದಿಯ ಹಿಂದಿನ ಕೋಣೆಯಲ್ಲಿ ಸಿ ಅಲ್ಲಾಲ್ ಚಾಪೆ ಒದರುತ್ತಿದ್ದರು. ಬೂಶ್ತಾ ಬಾಗಿಲಲ್ಲೇ ನಿಂತು ನಿನ್ನೆ ಎಂಟು ನಿಮಿಷ ಮೊದಲೇ ಒತ್ತಿಬಿಟ್ಟೆ ಅಂದ. ಫಕೀಹರ ಕೈ ಅಲ್ಲೇ ನಿಂತಿತು. ಎಂಟು ನಿಮಿಷವಾ ಎಂದು ಮತ್ತೆ ಕೇಳಿದರು. ಅವರು ಕೋಪಗೊಳ್ಳುತ್ತಾರೆಂದು ಬೂಶ್ತಾ ಕಾದ. ಅವರ ಹುಬ್ಬು ಗಂಟಿಕ್ಕುವುದು ಕಂಡಿತು. ಆ ಗಂಟು ಪೂರ್ತಿ ಬಿಗಿಯುವ ಮೊದಲೇ ಅವನ ಬಾಯಿ ತಾನಾಗಿ ತೆರೆಯಿತು.

"ಸಕ್ಕರೆ ಇಳಿದಿತ್ತು, ಸೀದಿ. ಕಣ್ಣು ಕತ್ತಲೆ ಬಂತು. ನಾನು ಉಪವಾಸ ಇರಲ್ಲ, ಡಾಕ್ಟರು ಬೇಡ ಅಂದಿದಾರೆ. ಆದರೂ ಇಳಿದುಬಿಡ್ತು."

ಹುಬ್ಬು ಸಡಿಲಾಯಿತು. ಸಿ ಅಲ್ಲಾಲ್ ಅವನ ಭುಜ ಹಿಡಿದು ಚಾಪೆಯ ಮೇಲೆ ಕೂರಿಸಿದರು, ಈ ಸ್ಥಿತಿಯಲ್ಲೂ ಬಂದು ಹೇಳಿದೆಯಲ್ಲ ಎಂದು ಮೆಚ್ಚಿಕೊಂಡರು, ಕಾಯಿಲೆಯವನ ಕೈತಪ್ಪಿಗೆ ಪಾಪವಿಲ್ಲ ಎಂದರು. ಊರಿಗೆ ಮಾತ್ರ ತಿಳಿಸಲೇಬೇಕು, ಹಬ್ಬ ಮುಗಿದ ಮೇಲೆ ಎಲ್ಲರೂ ಒಂದು ದಿನ ಉಪವಾಸ ತೀರಿಸಲಿ. ಉಪವಾಸವಿರದ ಕಾಯಿಲೆಯವನೊಬ್ಬನಿಗೆ ಸಕ್ಕರೆ ಇಳಿದು ಹೀಗಾಯಿತೆಂದಷ್ಟೇ ಮಧ್ಯಾಹ್ನದ ನಮಾಜಿನ ನಂತರ ಹೇಳುತ್ತೇನೆ, ನಿನ್ನ ಹೆಸರೆತ್ತುವುದಿಲ್ಲ. ಮಗಳ ಮೊದಲ ಉಪವಾಸ ಎಂದು ಬೂಶ್ತಾ ತೊದಲಿದಾಗ, ಮಗುವಿಗೆ ಇನ್ನೂ ಯಾವ ಕಟ್ಟುಪಾಡೂ ಇಲ್ಲ, ಅವಳಿಗೆ ಏನೂ ಹೇಳಬೇಡ, ಅವಳ ಸಂತೋಷ ಅವಳಿಗಿರಲಿ ಎಂದರು. ಅವರ ಕಣ್ಣಂಚು ಒದ್ದೆಯಾಗಿತ್ತು. ಬೂಶ್ತಾ ತಲೆ ತಗ್ಗಿಸಿ ಕೂತು ಆ ಕರುಣೆಯನ್ನೆಲ್ಲ ತೆಗೆದುಕೊಂಡ. ತನ್ನದಲ್ಲದ ಊಟಕ್ಕೆ ಕೂತವನ ಹಾಗಿತ್ತು ಅವನ ಸ್ಥಿತಿ, ಆದರೆ ಎದ್ದು ಹೋಗುವ ಮನಸ್ಸೂ ಬರಲಿಲ್ಲ.

ಹೆಸರೆತ್ತಲಿಲ್ಲ ಅನ್ನುವುದು ಮಾತಿಗಷ್ಟೇ. ಸೈರನ್ ಒತ್ತುವವನು ಊರಿಗೊಬ್ಬನೇ. ನಮಾಜು ಮುಗಿಸಿ ಹೊರಬಂದ ಜನ ಅವನನ್ನು ನೋಡಿ ಗುಸುಗುಸು ನಿಲ್ಲಿಸಿದರು, ಆಮೇಲೆ ಒಬ್ಬೊಬ್ಬರಾಗಿ ಹತ್ತಿರ ಬಂದರು. ಯಾರೂ ಬೈಯಲಿಲ್ಲ. ನಮ್ಮತ್ತೆಗೂ ಇದೇ ಕಾಯಿಲೆ ಎಂದ ಒಬ್ಬ. ಮೆಂತ್ಯ ನೆನೆಸಿ ಕುಡಿ ಎಂದ ಇನ್ನೊಬ್ಬ. ಹಮ್ಮಾದಿಯಂತೂ ಅವನ ಚೀಲ ಕಿತ್ತುಕೊಂಡು, ತೋಳು ಹಿಡಿದು ಬೀದಿ ದಾಟಿಸಿದ. "ನನ್ನ ಕೈಲಿ ಆಗುತ್ತೆ, ಬಿಡು," ಅಂದ ಬೂಶ್ತಾ. ಮೂರು ವರ್ಷದಿಂದ ದಿನಕ್ಕೆ ಹತ್ತು ಸಲ ಅವನು ಆಡುವ ಮಾತು ಅದು, ಯಾರೂ ಕೇಳಿಸಿಕೊಳ್ಳುವುದಿಲ್ಲ. ಹಮ್ಮಾದಿಯೂ ಬಿಡಲಿಲ್ಲ. ಮೊದಲೇ ಹೇಳಬಾರದಿತ್ತಾ, ಮಧ್ಯಾಹ್ನದ ಊಟ ನಮ್ಮನೆಯಿಂದಲೇ ಕಳಿಸುತ್ತಿದ್ದೆವಲ್ಲ ಎಂದು ಗದ್ಗದನಾದ. ಗೋಪುರದ ಮೆಟ್ಟಿಲು ಹತ್ತುತ್ತ ಬೂಶ್ತಾನಿಗೆ ಎದೆ ಹಗುರಾದಂತಾಯಿತು. ಮುಗಿಯಿತು, ಎಲ್ಲ ಸುಲಭವಾಗಿ ಮುಗಿಯಿತು. ನಲವತ್ತೆರಡನೆಯ ಮೆಟ್ಟಿಲಲ್ಲಿ ಉಸಿರಿಗಾಗಿ ನಿಂತಾಗ, ಇದನ್ನೂ ಕಾಯಿಲೆಯ ಒಳ್ಳೆಯದರ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಿದ್ದೇನೆ ಎಂದು ಗೊತ್ತಾಗಿ, ತುಂಬ ನಾಚಿಕೆಯಾಯಿತು. ಅಲ್ಲೇ ಗೋಡೆಗೆ ಹಣೆ ಒತ್ತಿ ನಿಂತ.

ಐದೂವರೆಯ ಹೊತ್ತಿಗೆ ಬಾಗಿಲು ತಳ್ಳಿಕೊಂಡು ತೂದಾ ಬಂದಳು. ಕೈಯಲ್ಲಿ ಗಂಟು, ಮುಚ್ಚಿಟ್ಟುಕೊಳ್ಳದೆ ಎಲ್ಲರಿಗೂ ಕಾಣುವಂತೆ ಬೀದಿಯುದ್ದಕ್ಕೂ ಹಿಡಿದು ತಂದಿದ್ದಳು. ಅಮ್ಮ ಕಳಿಸಿದಳು ಅಂದಳು. ಮೇಜಿನ ಮೇಲಿಟ್ಟು, ಅವನ ಮುಖ ನೋಡದೆ ಸೈರನ್ನಿನ ಪೆಟ್ಟಿಗೆ, ಗಡಿಯಾರ, ಗೋಡೆಯ ಪಟ್ಟಿ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದಳು. ಅಂಗೈಯ ಮೆಹೆಂದಿ ಇನ್ನೂ ಕೆಂಪಾಗಿತ್ತು.

"ನಿನಗೆ ಉಪವಾಸ ಇಲ್ಲವಂತೆ."

"ಇಲ್ಲ."

"ಎಷ್ಟು ವರ್ಷದಿಂದ?"

"ಮೂರು."

"ಮತ್ತೆ ಸಾರು ಕುಡಿಯುವಾಗ ಅಬ್ಬಾ ಅಂತೀಯಲ್ಲ, ಅದು?"

ಅವಳು ಉತ್ತರಕ್ಕೆ ಕಾಯದೆ ಕಿಟಕಿಗೆ ಹೋಗಿ ಚೌಕಟ್ಟಿಗೆ ಗಲ್ಲವಿಟ್ಟು ನಿಂತಳು. ಅವಳ ಬೆನ್ನು ಸೆಟೆದದ್ದನ್ನು ಕಂಡು, ಅವಳು ಏನು ನೋಡುತ್ತಿದ್ದಾಳೆಂದು ಅವನಿಗೆ ತಿಳಿಯಿತು.

"ಇಲ್ಲಿಂದ ನಮ್ಮ ತಾರಸಿ ಕಾಣುತ್ತೆ," ಅಂದಳು. ಸ್ವಲ್ಪ ತಡೆದು ತಿರುಗಿದಳು. "ಅಪ್ಪ, ನಿನ್ನೆ ನಿನಗೆ ನಿಜವಾಗ್ಲೂ ತಲೆ ಸುತ್ತು ಬಂದಿತ್ತಾ?"

ಹೌದು ಅನ್ನುವುದು ಬಲು ಸುಲಭವಿತ್ತು. ಫಕೀಹರು ನಂಬಿದ್ದರು, ಊರು ನಂಬಿತ್ತು, ಯಾಮ್ನಾ ಕೂಡ ನಂಬಿ ಕಣ್ಣೊರೆಸಿಕೊಂಡಿರಬಹುದು. ಮೂರು ವರ್ಷದಿಂದ ಆ ಕಾಯಿಲೆ ಅವನ ಪರವಾಗಿ ಎಲ್ಲ ಕಡೆಯೂ ಮಾತಾಡಿತ್ತು, ಇಲ್ಲಿಯೂ ಆಡುತ್ತಿತ್ತು. ಆದರೆ ಹುಡುಗಿಯ ಕಣ್ಣಲ್ಲಿ ಕರುಣೆ ಇರಲಿಲ್ಲ, ಅವಳಿಗೆ ಬರೀ ತಿಳಿಯಬೇಕಿತ್ತು.

"ಇಲ್ಲ," ಅಂದ. "ನೀನು ಮೊಣಕಾಲ ಮೇಲೆ ತಲೆ ಇಟ್ಟುಕೊಂಡಿದ್ದೆ. ಪಾಪ, ಸುಸ್ತಾಯ್ತು ಅನ್ನಿಸಿತು. ನೋಡಕ್ಕಾಗಲಿಲ್ಲ. ಒತ್ತಿಬಿಟ್ಟೆ."

"ನಾನು ಎಣಿಸ್ತಿದ್ದೆ," ಅಂದಳು ತೂದಾ. "ಕಣ್ಮುಚ್ಚಿ ಸಾವಿರ ಎಣಿಸೋಣ ಅಂತ. ಆರುನೂರಕ್ಕೆ ಬಂದಿದ್ದೆ." ಕೆಳತುಟಿಯನ್ನು ಹಲ್ಲಿಂದ ಕಚ್ಚಿ ಹಿಡಿದಳು. "ನನ್ನ ಕೈಲಿ ಆಗ್ತಿತ್ತು, ಅಪ್ಪ."

ಅವಳು ಅಳಲಿಲ್ಲ. ಅತ್ತಿದ್ದರೆ ಎತ್ತಿಕೊಂಡು ಸಮಾಧಾನ ಮಾಡಬಹುದಿತ್ತು, ಅಪ್ಪನಾಗಬಹುದಿತ್ತು. ತನ್ನ ತೋಳು ಹಿಡಿದು ಬೀದಿ ದಾಟಿಸುವ ಪ್ರತಿಯೊಬ್ಬರ ಮೇಲೂ ಒಳಗೊಳಗೇ ಹಲ್ಲು ಕಡಿಯುವವನು ಈ ಮಗುವಿಗೆ ಅದನ್ನೇ ಮಾಡಿದ್ದ; ಅವಳನ್ನು ಕೇಳದೆ, ಅವಳ ಕೈಲಾಗದು ಎಂದು ತೀರ್ಮಾನಿಸಿ, ಎತ್ತಿ ದಾಟಿಸಿದ್ದ. ಅದೂ ಇಡೀ ಊರನ್ನು ಜೊತೆಗೆ ಹೊತ್ತುಕೊಂಡು. ಪ್ರೀತಿಯಿಂದ ಮಾಡಿದೆ ಎಂದು ಹೇಳಿಕೊಳ್ಳಲು ಹೋದ. ಹಮ್ಮಾದಿಯೂ ಪ್ರೀತಿಯಿಂದಲೇ ತೋಳು ಹಿಡಿಯುತ್ತಾನಲ್ಲ ಎಂದು ನೆನಪಾಯಿತು.

ನಾಳೆ ಮತ್ತೆ ಉಪವಾಸ ಇರುತ್ತೇನೆ ಎಂದಳು ಅವಳು. ಕಫ್ತಾನು ಬೇಡ, ಚಿಕ್ಕಮ್ಮಂದಿರು ಬೇಡ, ಹಾಲಿನ ಬಟ್ಟಲು ಬೇಡ. ಆಮೇಲೆ ಮೇಜಿನ ಮೇಲಿನ ಗಂಟು ಬಿಚ್ಚಿ ಅವನ ಮುಂದೆ ತಳ್ಳಿದಳು. "ತಿನ್ನು. ಇವತ್ತು ನಿಜವಾಗ್ಲೂ ಇಳಿದುಬಿಟ್ಟೀತು." ಅವನಿಗೆ ಆಗಲೇ ಬೆವರು ಸುರಿಯುತ್ತಿತ್ತು, ತುಟಿ ಜುಮ್ಮೆನ್ನುತ್ತಿತ್ತು. ಅವನು ಅವಳ ಎದುರಿಗೇ ಕೂತು ತಿಂದ, ಅವಳು ನೋಡುತ್ತಲೇ ಇದ್ದಳು. ರೊಟ್ಟಿ ಗಂಟಲಲ್ಲಿ ಸಿಕ್ಕಿದಾಗ ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟಳು. ಮೊಟ್ಟೆಗೆ ರುಚಿಯೇ ಇರಲಿಲ್ಲ. ಆರು ಮೂವತ್ತಮೂರಕ್ಕೆ, ಗಡಿಯಾರದ ಮುಳ್ಳು ಗೆರೆ ಮುಟ್ಟಿದ ಮೇಲೆ, ಅವಳು ಹೂಂ ಅಂದ ಮೇಲೆ, ಅವನು ಗುಂಡಿ ಒತ್ತಿದ.

ಕೆಳಗಿಳಿದು ಅವನು ಮನೆಯ ದಾರಿ ಹಿಡಿಯಲಿಲ್ಲ. ಎಲ್ಲಿಗೆ ಎಂದು ತೂದಾ ಕೇಳಲಿಲ್ಲ, ಜೊತೆಗೆ ಬಂದಳು. ಮಸೀದಿಯಲ್ಲಿ ಖರ್ಜೂರ, ನೀರಿನಿಂದ ಉಪವಾಸ ಬಿಟ್ಟು ಸಂಜೆಯ ನಮಾಜು ಮುಗಿಸಿದ ಏಳೆಂಟು ಜನ ಚಪ್ಪಲಿ ಹುಡುಕುತ್ತಿದ್ದರು. ಸಿ ಅಲ್ಲಾಲ್ ಇದ್ದರು, ಹಮ್ಮಾದಿ ತಂದೆಯ ಕೈ ಹಿಡಿದು ಮೆಟ್ಟಿಲು ಇಳಿಸುತ್ತಿದ್ದ. ಬೂಶ್ತಾನನ್ನು ಕಂಡೊಡನೆ ಹಮ್ಮಾದಿ ಇನ್ನೊಂದು ಕೈ ಅವನತ್ತ ಚಾಚಿದ. ಬೂಶ್ತಾ ಒಂದು ಹೆಜ್ಜೆ ಹಿಂದೆ ಸರಿದು ನಿಂತ. ಎಲ್ಲರಿಗೂ ಕೇಳುವಂತೆ ಹೇಳಿದ.

"ನಿನ್ನೆ ಸಕ್ಕರೆ ಇಳಿದಿರಲಿಲ್ಲ. ಹೊಟ್ಟೆ ತುಂಬ ತಿಂದಿದ್ದೆ. ಗಡಿಯಾರವೂ ಸರಿಯಾಗೇ ಕಾಣ್ತಿತ್ತು. ಮಗಳು ದಣಿದಿದಾಳೆ ಅಂದುಕೊಂಡು ಬೇಕೂಂತಲೇ ಒತ್ತಿದೆ."

ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದವನೊಬ್ಬ ಹಾಗೇ ನಿಂತ. ಕುರುಡ ಮುದುಕ ಮುಖವನ್ನು ಮಾತು ಬಂದ ದಿಕ್ಕಿಗೆ ತಿರುಗಿಸಿದ, ಅವನ ತುಟಿ ಏನನ್ನೋ ಎಣಿಸುವಂತೆ ಅಲ್ಲಾಡಿತು. ಹಮ್ಮಾದಿ ಅದನ್ನು ನೋಡಿದ. ಅವನ ಮುಖ ಕಪ್ಪಿಟ್ಟಿತು.

"ಬೇಕೂಂತಲೇ ಒತ್ತಿದೆಯೇನೋ?" ಅಂದ. "ನಿನ್ನ ಮಗಳಿಗೆ ಬಾಯಾರಿದರೆ ಮನೆಗೆ ಓಡಿಹೋಗಿ ನೀರು ಕುಡಿಸಬೇಕಿತ್ತು. ನಮ್ಮಪ್ಪನ ಅರವತ್ತೆಂಟು ವರ್ಷಕ್ಕೆ ಯಾಕೋ ಕೈ ಹಾಕಿದೆ? ಇದೇ ಕೈಯಲ್ಲಿ ಮಧ್ಯಾಹ್ನ ನಿನ್ನನ್ನು ಹಿಡ್ಕೊಂಡು ದಾಟಿಸಿದೆನಲ್ಲೋ, ನಾಚಿಕೆ ಆಗಲಿಲ್ವಾ? ಸುಳ್ಳ! ಕುಂಟು ಕಾಲು ಮುಂದಿಟ್ಟುಕೊಂಡು ಊರನ್ನೇ ಯಾಮಾರಿಸ್ತೀಯಾ?"

"ಬಿಡು ಹಮ್ಮಾದಿ, ಕಾಯಿಲೆ ಮನುಷ್ಯ," ಎಂದು ಸಿ ಅಲ್ಲಾಲ್ ನಡುವೆ ಬಂದರು.

ಬೂಶ್ತಾನ ಕಿವಿ, ಕೆನ್ನೆ ಉರಿಯುತ್ತಿದ್ದವು. ಮೂರು ವರ್ಷದಲ್ಲಿ ಒಬ್ಬರೂ ಅವನಿಗೆ ಹೀಗೆ ಎದುರು ನಿಂತು ಬೈದಿರಲಿಲ್ಲ. ಮಗಳು ಹಿಂದೆ ಚಪ್ಪಲಿಗಳ ನಡುವೆ ನಿಂತು ಕೇಳಿಸಿಕೊಳ್ಳುತ್ತಿದ್ದಾಳೆಂದು ಗೊತ್ತಿತ್ತು. ಅವನು ಫಕೀಹರ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

"ಇರಲಿ, ಸೀದಿ," ಅಂದ. "ಅವನು ಬೈಯಲಿ."